ಅರ್ಜಿದಾರರ ಹಾದಿ ಹಿಡಿದು ವಿಜಯಪುರ: ಅಸರ್ ಮಹಲಿನಿಂದ ಗಗನ ಮಹಲಿನವರೆಗೆ ಕಾಲ್ನಡಿಗೆಯ ಮಾರ್ಗದರ್ಶಿ

"ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಮೂರು ಗಂಟೆಗೆ ಬನ್ನಿ." ಕಾಗದಪತ್ರಗಳ ಚೀಲ ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋದವರಿಗೆ ಈ ಮಾತು ಹೊಸದಲ್ಲ. ಹಲವು ವರ್ಷಗಳ ಹಿಂದೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತಪ್ಪಾಗಿದ್ದ ಹೆಸರನ್ನು ತಿದ್ದಿಸಲು ನಾನೂ ಅಪ್ಪನೂ ವಿಜಯಪುರಕ್ಕೆ ಹೋಗಿದ್ದೆವು. ಕಚೇರಿಯ ಬಾಗಿಲಲ್ಲಿ ಈ ಮಾತು ಕೇಳಿದಾಗ ಗಂಟೆ ಹನ್ನೊಂದು. "ಇಲ್ಲಿ ಕುಳಿತು ಏನು ಮಾಡುವುದು, ನಡಿ, ಕಿಲ್ಲಾ ನೋಡಿಕೊಂಡು ಬರೋಣ" ಎಂದು ಅಪ್ಪ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಅಸರ್ ಮಹಲಿನ ಮುಂದೆ ನಿಂತಾಗ ಅವರು, "ಇದೂ ಒಂದು ಕಾಲಕ್ಕೆ ಕಚೇರಿಯೇ. ನ್ಯಾಯ ಕೇಳಲು ಬಂದವರು ಇಲ್ಲಿಯೇ ನಿಲ್ಲುತ್ತಿದ್ದರು" ಎಂದರು. ನಾನು ಆ ಕಟ್ಟಡವನ್ನು ಅದಕ್ಕೂ ಮುಂಚೆ ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ಆದರೆ ಕಂಕುಳಲ್ಲಿ ಅರ್ಜಿ ಇಟ್ಟುಕೊಂಡು ನೋಡಿದ್ದು ಅದೇ ಮೊದಲು. ಕಟ್ಟಡ ಬೇರೆಯಾಗಿಯೇ ಕಂಡಿತು.

ಅಂದಿನಿಂದ ವಿಜಯಪುರಕ್ಕೆ ಬರುವ ನೆಂಟರನ್ನು, ಗೆಳೆಯರನ್ನು ನಾನು ಇದೇ ಹಾದಿಯಲ್ಲಿ ನಡೆಸುತ್ತೇನೆ. ಹೆಚ್ಚಿನವರು ಗೋಳಗುಮ್ಮಟ ನೋಡಿ, ಆಟೋ ಹತ್ತಿ ಇಬ್ರಾಹಿಂ ರೋಜಾಕ್ಕೆ ಹೋಗಿ, ಊರು ಮುಗಿಯಿತೆಂದು ಬಸ್ಸು ಹಿಡಿಯುತ್ತಾರೆ. ಅವೆರಡೂ ಗೋರಿಗಳು. ಆದಿಲಶಾಹಿಗಳು ಎಲ್ಲಿ ಮಲಗಿದ್ದಾರೆಂಬುದು ಅವರಿಗೆ ಗೊತ್ತಾಗುತ್ತದೆಯೇ ಹೊರತು ಎಲ್ಲಿ ಕುಳಿತು ಆಳಿದರೆಂಬುದು ಗೊತ್ತಾಗುವುದಿಲ್ಲ. ಆಳಿದ ಜಾಗಗಳೆಲ್ಲ ಇವೆರಡರ ನಡುವೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಇವೆ.

ಹೊರಡುವ ಮುನ್ನ

ಮೊದಲು ವಾರ ನೋಡಿಕೊಳ್ಳಿ. ಶುಕ್ರವಾರ ಬೇಡ. ಅಂದು ಗೋಳಗುಮ್ಮಟದ ಆವರಣದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ರಜೆ, ಮಧ್ಯಾಹ್ನ ಜಾಮಿ ಮಸೀದಿಯಲ್ಲಿ ನಮಾಜಿಗೆ ಜನ ಸೇರಿರುತ್ತಾರೆ. ಭಾನುವಾರ ಗೋಳಗುಮ್ಮಟದಲ್ಲಿ ಗದ್ದಲ ಹೆಚ್ಚು, ಆದರೆ ಕಚೇರಿಗಳಿಗೆ ರಜೆ ಇರುವುದರಿಂದ ಕೋಟೆಯೊಳಗೆ ವಾಹನಗಳ ಓಡಾಟ ಕಡಿಮೆ. ಶನಿವಾರ ಅಥವಾ ಭಾನುವಾರ ನಸುಕಿನಲ್ಲಿ ಶುರು ಮಾಡುವುದು ನನ್ನ ಆಯ್ಕೆ.

ನವೆಂಬರಿನಿಂದ ಫೆಬ್ರವರಿಯವರೆಗೆ ನಡಿಗೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು ಹೊರಗಿನವರಿಗೆ ತಡೆಯುವುದಿಲ್ಲ. ಅನಿವಾರ್ಯವಾದರೆ ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರ ಮೇಲೆ ಎಂದು ಎರಡು ಪಾಲು ಮಾಡಿಕೊಳ್ಳಿ. ಸಂಕ್ರಾಂತಿಯ ಹೊತ್ತಿಗೆ ಬಂದರೆ ಸಿದ್ಧೇಶ್ವರ ಜಾತ್ರೆ ಸಿಗುತ್ತದೆ. ಊರೆಲ್ಲ ಜನವೋ ಜನ, ಆದರೆ ಆ ಜನವನ್ನು ನೋಡುವುದೂ ಒಂದು ಸಂತೋಷ.

ಲೇಸು ಕಟ್ಟುವ ಬೂಟು ಬೇಡ. ದಿನಕ್ಕೆ ನಾಲ್ಕೈದು ಕಡೆ ಪಾದರಕ್ಷೆ ಬಿಡಬೇಕಾಗುತ್ತದೆ. ಚೀಲದಲ್ಲಿ ಒಂದು ಜೊತೆ ಹಳೆಯ ಹತ್ತಿಯ ಕಾಲುಚೀಲ ಇರಲಿ. ಮಧ್ಯಾಹ್ನದ ಹೊತ್ತು ಕರಿಕಲ್ಲಿನ ಅಂಗಳ ಕಾದ ಹಂಚಿನಂತಿರುತ್ತದೆ. ಅದರ ಮೇಲೆ ಬರಿಗಾಲಲ್ಲಿ ಓಡುವ ಮಕ್ಕಳನ್ನು ನೋಡಿ ನನಗೆ ಮರುಕವಾಗಿದೆ. ನೀರು, ಟೋಪಿ ಅಥವಾ ತಲೆಗೆ ಸುತ್ತಲು ಟವೆಲು, ಟಿಕೆಟಿಗೆ ಸ್ವಲ್ಪ ಚಿಲ್ಲರೆ ಇದ್ದರೆ ಸಾಕು. ಗೋಳಗುಮ್ಮಟಕ್ಕೂ ಇಬ್ರಾಹಿಂ ರೋಜಾಕ್ಕೂ ಟಿಕೆಟು ಉಂಟು.

ನಡಿಗೆ ಪೂರ್ವದಿಂದ ಪಶ್ಚಿಮಕ್ಕೆ. ಬೆಳಗಿನ ಬಿಸಿಲು ಬೆನ್ನಿಗಿರುತ್ತದೆ, ಕಟ್ಟಡಗಳ ಪೂರ್ವದ ಮುಖಕ್ಕೆ ಬೆಳಕು ಬಿದ್ದಿರುತ್ತದೆ. ಅಸರ್ ಮಹಲಿಗೆ ಮುಖ್ಯವಾಗಿ ಇದೇ ಬೇಕು.

ಬೆಳಗ್ಗೆ ಆರಕ್ಕೆ ಗೋಳಗುಮ್ಮಟ

ರೈಲು ನಿಲ್ದಾಣದಿಂದ ಗೋಳಗುಮ್ಮಟ ನಡಿಗೆಯ ದೂರದಲ್ಲೇ ಇದೆ. ಆರಕ್ಕೆ ಬಾಗಿಲು ತೆರೆಯುತ್ತದೆ, ಅಷ್ಟು ಹೊತ್ತಿಗೇ ಹೋಗಿ. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಆದ್ದರಿಂದ ನಾನು ಹೆಚ್ಚು ಹೇಳುವುದಿಲ್ಲ. ಮಹಮ್ಮದ್ ಆದಿಲಶಾಹನ ಗೋರಿ ಇದು. ಹದಿನೇಳನೆಯ ಶತಮಾನದ ನಡುಭಾಗದ ಕಟ್ಟಡ, ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರು, ನಡುವೆ ಒಂದು ಕಂಬವೂ ಇಲ್ಲ. ಮೂಲೆಯ ಏಳಂತಸ್ತಿನ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಮೊಗಸಾಲೆಗೆ ಹೋಗಿ. ಶಾಲಾ ಮಕ್ಕಳ ಬಸ್ಸುಗಳು ಬರುವ ಮುನ್ನ ಇಬ್ಬರೇ ಇದ್ದಾಗ ಗೋಡೆಗೆ ಕಿವಿಯಿಟ್ಟು ಕುಳಿತುಕೊಳ್ಳಿ. ಎದುರು ತುದಿಯಲ್ಲಿ ಕುಳಿತವರು ಮೆಲ್ಲಗೆ ಮಾತಾಡಿದರೆ ಸಾಕು. ಕೂಗಬೇಡಿ. ಕೂಗಿದರೆ ಪ್ರತಿಧ್ವನಿ ಕೇಳುತ್ತದೆ ನಿಜ, ಆದರೆ ಪಿಸುಮಾತು ಅಷ್ಟು ಅಗಲದ ಬಯಲನ್ನು ದಾಟಿ ಕಿವಿಗೆ ಬಂದು ಸೇರುವ ಸೋಜಿಗ ಕೈತಪ್ಪುತ್ತದೆ.

ಇಳಿಯುವ ಮುನ್ನ ಹೊರಗಿನ ಕಟ್ಟೆಗೆ ಬಂದು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿ. ಮುಂದಿನ ಕೆಲವು ಗಂಟೆ ನೀವು ನಡೆಯಬೇಕಾದ ಊರು ಕಣ್ಣೆದುರಿಗೆ ಹರಡಿರುತ್ತದೆ. ಜಾಮಿ ಮಸೀದಿಯ ದುಂಡನೆಯ ಗುಮ್ಮಟವನ್ನು ಗುರುತಿಸಿಕೊಳ್ಳಿ, ಮುಂದಿನ ಗುರಿ ಅದೇ. ವಸ್ತುಸಂಗ್ರಹಾಲಯ ಈ ಹೊತ್ತಿಗೆ ತೆರೆದಿರುವುದಿಲ್ಲ. ಅದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ, ಕಾರಣ ಆಮೇಲೆ ಹೇಳುತ್ತೇನೆ.

ಜಾಮಿ ಮಸೀದಿ, ಮೆಹತರ್ ಮಹಲ್

ಗೋಳಗುಮ್ಮಟದಿಂದ ನೈಋತ್ಯಕ್ಕೆ ಹದಿನೈದು, ಇಪ್ಪತ್ತು ನಿಮಿಷ ನಡೆದರೆ ಜಾಮಿ ಮಸೀದಿ. 1565ರ ತಾಳಿಕೋಟೆ ಯುದ್ಧದ ನಂತರ ಒಂದನೆಯ ಅಲಿ ಆದಿಲಶಾಹ ಕಟ್ಟಿಸತೊಡಗಿದ್ದು. ಒಳಗಿನ ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಹೆಚ್ಚು ಚೌಕಗಳನ್ನು ಗೆರೆ ಎಳೆದು ಗುರುತಿಸಲಾಗಿದೆ. ಇದು ಇಂದಿಗೂ ಪ್ರಾರ್ಥನೆ ನಡೆಯುವ ಜಾಗ. ತಲೆ, ಕೈಕಾಲು ಮುಚ್ಚುವ ಬಟ್ಟೆ ಇರಲಿ, ನಮಾಜಿನ ಹೊತ್ತು ಹೊರಗೆ ಕಾಯಿರಿ, ಫೋಟೋ ತೆಗೆಯುವ ಮುಂಚೆ ಅಲ್ಲಿದ್ದವರನ್ನು ಕೇಳಿ. ಕೇಳಿದರೆ ಬೇಡವೆಂದವರನ್ನು ನಾನು ನೋಡಿಲ್ಲ.

ಅಲ್ಲಿಂದ ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಎಡಗಡೆ ಕಣ್ಣಿಡಿ. ಎರಡು ತೆಳ್ಳನೆಯ ಮಿನಾರುಗಳ ಒಂದು ಹೆಬ್ಬಾಗಿಲು ಮನೆಗಳ ನಡುವೆ ಎದ್ದು ನಿಂತಿದೆ. ಹೆಸರು ಮೆಹತರ್ ಮಹಲ್. ಹೆಸರಿಗೆ ಮಹಲು, ನಿಜದಲ್ಲಿ ಹಿಂದಿರುವ ಪುಟ್ಟ ಮಸೀದಿಯ ಬಾಗಿಲು. ಇಲ್ಲಿ ಕತ್ತೆತ್ತಿ ಐದು ನಿಮಿಷ ನಿಲ್ಲದೆ ಮುಂದೆ ಹೋಗಬೇಡಿ. ಮೇಲಿನ ಮೊಗಸಾಲೆಯ ಕೆಳಗೆ ಓರೆಯಾಗಿ ಕೊಟ್ಟಿರುವ ಆಸರೆಗಳನ್ನು ನೋಡಿ. ನಮ್ಮ ಕಡೆಯ ಹಳೆಯ ವಾಡೆಗಳಲ್ಲಿ ಬಡಿಗರು ಸಾಗವಾನಿಯಲ್ಲಿ ಕೆತ್ತುವಂತೆ ಇಲ್ಲಿ ಕಲ್ಲನ್ನು ಕೆತ್ತಿದ್ದಾರೆ. ಸಿಂಹಗಳಿವೆ, ಸಾಲಾಗಿ ಹಕ್ಕಿಗಳಿವೆ. ಕಲ್ಲು ಅಷ್ಟು ತೆಳುವಾಗಿ, ಅಷ್ಟು ಉದ್ದಕ್ಕೆ ಚಾಚಿಕೊಂಡು ಇಷ್ಟು ವರ್ಷ ಮುರಿಯದೆ ಹೇಗೆ ನಿಂತಿದೆ ಎಂಬುದು ಪ್ರತಿ ಸಲ ನೋಡಿದಾಗಲೂ ಬೆರಗು. ವಿಜಯಪುರದಲ್ಲಿ ಕುಶಲತೆಗೆ ಒಂದೇ ಕಟ್ಟಡ ತೋರಿಸು ಎಂದರೆ ನಾನು ಗೋಳಗುಮ್ಮಟವನ್ನಲ್ಲ, ಇದನ್ನು ತೋರಿಸುತ್ತೇನೆ.

ಅಸರ್ ಮಹಲ್: ಮುಂಗೋಡೆಯಿಲ್ಲದ ನ್ಯಾಯಾಲಯ

ಈಗ ನಮ್ಮ ನಡಿಗೆಯ ಮುಖ್ಯ ಜಾಗಕ್ಕೆ ಬಂದೆವು. ಅಸರ್ ಮಹಲ್ ಕೋಟೆಯ ಪೂರ್ವದ ಖಂದಕದ ಹೊರಗೆ ಇದೆ. ಮಹಮ್ಮದ್ ಆದಿಲಶಾಹ 1646ರ ಸುಮಾರಿಗೆ ಇದನ್ನು ನ್ಯಾಯ ತೀರಿಸುವ ಸಭಾಂಗಣವಾಗಿ ಕಟ್ಟಿಸಿದ. ಆಗಿನ ಹೆಸರು ದಾದ್ ಮಹಲ್. ದಾದ್ ಎಂದರೆ ನ್ಯಾಯ. ನಾವು ಇಂದಿಗೂ "ಅವನ ಮಾತಿಗೆ ದಾದು ಫಿರ್ಯಾದು ಇಲ್ಲ" ಎನ್ನುತ್ತೇವಲ್ಲ, ಅದೇ ದಾದು. ಮುಂದೆ ಪ್ರವಾದಿ ಮಹಮ್ಮದರ ಗಡ್ಡದ ಕೂದಲೆಂದು ನಂಬಲಾದ ಪವಿತ್ರ ಅವಶೇಷವನ್ನು, ಅಂದರೆ ಅಸರನ್ನು, ಇಲ್ಲಿ ಇರಿಸಿದ್ದರಿಂದ ಅಸರ್ ಮಹಲ್ ಎಂಬ ಹೆಸರು ಬಂತು. ಉರುಸು ಈಗಲೂ ನಡೆಯುತ್ತದೆ.

ನೇರವಾಗಿ ಒಳಗೆ ನುಗ್ಗಬೇಡಿ. ಪೂರ್ವಕ್ಕೆ, ಕೊಳದ ಆಚೆ ದಂಡೆಗೆ ಹೋಗಿ ನಿಂತು ನೋಡಿ. ಕಟ್ಟಡಕ್ಕೆ ಮುಂಗೋಡೆಯೇ ಇಲ್ಲ. ನೆಲದಿಂದ ಚಾವಣಿಯವರೆಗೆ ತೆರೆದ ಹಜಾರ, ಅದನ್ನು ಹೊತ್ತಿರುವುದು ಸಾಗವಾನಿಯ ನಾಲ್ಕು ಭಾರಿ ಕಂಬಗಳು. ಕಲ್ಲಿನ ಊರಿನಲ್ಲಿ, ಕಲ್ಲಿನ ಕಮಾನಿಗೆ ಹೆಸರಾದ ಅರಸರು ನ್ಯಾಯದ ಮನೆಗೆ ಮರದ ಕಂಬ ಹಾಕಿಸಿದರು. ಇಲ್ಲಿ ನಿಂತ ಅರ್ಜಿದಾರನಿಗೆ ಒಳಗೆ ಕುಳಿತವರು ಕಾಣುತ್ತಾರೆ, ಒಳಗೆ ಕುಳಿತವರಿಗೆ ಹೊರಗೆ ನಿಂತವನು ಕಾಣುತ್ತಾನೆ. ಬಾಗಿಲು, ಪರದೆ, "ಮೂರು ಗಂಟೆಗೆ ಬನ್ನಿ" ಎನ್ನುವ ಕಟಕಟೆ, ಯಾವುದೂ ನಡುವೆ ಇಲ್ಲ. ಒಳಗೆ ನಡೆದ ನ್ಯಾಯವೆಲ್ಲ ನ್ಯಾಯವೇ ಆಗಿತ್ತೆಂದು ನಾನು ಹೇಳಲಾರೆ. ಆದರೆ ಕಟ್ಟಿಸಿದವನಿಗೆ ನ್ಯಾಯ ಎಲ್ಲರ ಕಣ್ಣೆದುರು ನಡೆಯಬೇಕೆಂಬ ಕಲ್ಪನೆ ಇತ್ತೆಂಬುದನ್ನು ಈ ತೆರೆದ ಮುಖವೇ ಹೇಳುತ್ತದೆ. ಅಪ್ಪ ಅಂದು ಕೊಳದ ದಂಡೆಯಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಉತಾರದ ಪ್ರತಿಯನ್ನು ಚೀಲದಿಂದ ತೆಗೆದು, ಒಮ್ಮೆ ನೋಡಿ, ನಾಲ್ಕು ಮಡಿಕೆ ಮಾಡಿ ಮತ್ತೆ ಒಳಗಿಟ್ಟರು.

ಆಮೇಲೆ ಹತ್ತಿರ ಹೋಗಿ ಒಂದು ಕಂಬದ ಬುಡದಲ್ಲಿ ನಿಂತುಕೊಳ್ಳಿ. ಮರದ ಎಳೆಗಳು ಉದ್ದಕ್ಕೂ ಸೀಳು ಬಿಟ್ಟಿವೆ. ಕಣ್ಣನ್ನು ಹಾಗೆಯೇ ಮೇಲಕ್ಕೆ ಹರಿಸಿದರೆ ಮರದ ಚಾವಣಿ. ಕಂಬಕ್ಕೆ ಒರಗಬೇಡಿ, ಮುಟ್ಟುವುದೂ ಬೇಡ. ಸುಮಾರು 380 ವರ್ಷದ ಮರ ಅದು, ದಿನಕ್ಕೆ ನೂರು ಕೈಗಳ ಬೆವರನ್ನು ತಾಳಲಾರದು. ಮೇಲಿನ ಕೋಣೆಗಳ ಗೋಡೆಗಳಲ್ಲಿ ವರ್ಣಚಿತ್ರಗಳಿವೆ, ಆದರೆ ಅವನ್ನು ನೋಡಲು ಎಲ್ಲರಿಗೂ ಅವಕಾಶ ಸಿಗುವುದಿಲ್ಲ. ಒಳಗಿನ ಭಾಗಕ್ಕೆ ಮಹಿಳೆಯರಿಗೆ ಪ್ರವೇಶವಿಲ್ಲವೆಂಬ ನಿಯಮ ರೂಢಿಯಲ್ಲಿದೆ. ಮನೆಯವರೊಂದಿಗೆ ಹೋಗುವವರು ಇದನ್ನು ಮೊದಲೇ ತಿಳಿದಿರಲಿ. ನನ್ನ ಅಕ್ಕ ಬಂದಾಗ ನಾವೆಲ್ಲರೂ ಹೊರಗಿನಿಂದಲೇ ನೋಡಿದೆವು. ಒಬ್ಬರನ್ನು ಬಿಸಿಲಿನಲ್ಲಿ ನಿಲ್ಲಿಸಿ ಉಳಿದವರು ಒಳಗೆ ಹೋಗುವುದು ನನಗೆ ಸರಿ ಕಾಣಲಿಲ್ಲ.

ಮುಂದಿನ ಕೊಳವನ್ನೂ ಗಮನಿಸಿ. ಊರಿನ ದಕ್ಷಿಣದ ಬೇಗಂ ತಲಾಬಿನಿಂದ ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ನೀರು ಇಲ್ಲಿಯವರೆಗೆ ಬರುತ್ತಿತ್ತು. ಅದು ಬರುವ ದಾರಿಯಲ್ಲಿ ಅಲ್ಲಲ್ಲಿ ಚೌಕಾಕಾರದ ಎತ್ತರದ ಗೋಪುರಗಳನ್ನು ಕಟ್ಟಿದ್ದರು. ಕೊಳವೆ ಒಡೆಯದಂತೆ ನೀರಿನ ಒತ್ತಡವನ್ನು ತಗ್ಗಿಸುವ ಉಪಾಯ ಅದು. ಇಲ್ಲಿಯ ಜನ ಅವನ್ನು ಗಂಜ್ ಎನ್ನುತ್ತಾರೆ. ಓಣಿಗಳಲ್ಲಿ ನಡೆಯುವಾಗ ಮನೆಗಳ ನಡುವೆ ಕಿಟಕಿಯಿಲ್ಲದ ಕಲ್ಲಿನ ಗೋಪುರವೊಂದು ಒಂಟಿಯಾಗಿ ನಿಂತಿದ್ದರೆ ಅದು ಗಂಜ್ ಎಂದು ತಿಳಿಯಿರಿ.

ಅರಕಿಲ್ಲೆಯ ಒಳಗೆ

ಕಟ್ಟಡದ ಹಿಂದೆ, ಪಶ್ಚಿಮಕ್ಕೆ ಕೋಟೆಯ ಖಂದಕ ಕಾಣುತ್ತದೆ. ಹಿಂದೆ ಅಸರ್ ಮಹಲಿಗೂ ಕೋಟೆಗೂ ನಡುವೆ ಸೇತುವೆ ಇತ್ತು. ಈಗ ಸುತ್ತಿ ಹೋಗಬೇಕು. ಒಳಕೋಟೆಗೆ ಅರ್ಕ್ ಕಿಲ್ಲಾ ಎಂದು ಹೆಸರು, ಬಾಯಲ್ಲಿ ಅರಕಿಲ್ಲೆ. ಹೊಸಬರಿಗೆ ಇದು ಕೋಟೆಯೆಂದೇ ಗೊತ್ತಾಗುವುದಿಲ್ಲ. ಒಳಗೆ ರಸ್ತೆ, ಮನೆ, ಕಚೇರಿ, ಶಾಲೆ, ಮರದ ಕೆಳಗೆ ಚಹದ ಗಾಡಿ ಎಲ್ಲವೂ ಇವೆ. ಅದೇ ಇದರ ಚೆಂದ.

ಇಲ್ಲಿ ಒಂದು ಸಂಗತಿ ತಿಳಿದಿದ್ದರೆ ನಡಿಗೆಗೆ ಅರ್ಥ ಬರುತ್ತದೆ. 1686ರಲ್ಲಿ ಆದಿಲಶಾಹಿ ಮುಗಿದ ಮೇಲೆ ಈ ಅರಮನೆಗಳು ಎರಡು ಶತಮಾನ ಹಾಳು ಸುರಿದವು. 1884ರಲ್ಲಿ ಹೋಟಗಿಯಿಂದ ಗದಗಕ್ಕೆ ರೈಲು ಬಂತು. ಅದರ ಬೆನ್ನಿಗೇ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದರು. ಹೊಸ ಕಚೇರಿಗಳಿಗೆ ಹೊಸ ಕಟ್ಟಡ ಕಟ್ಟುವ ಬದಲು ಹಳೆಯ ಅರಮನೆಗಳನ್ನೇ ದುರಸ್ತಿ ಮಾಡಿಸಿದರು. ಅದಾಲತ್ ಮಹಲ್ ಕಲೆಕ್ಟರರ ಬಂಗಲೆಯಾಯಿತು. ಆನಂದ ಮಹಲ್, ಚೀನಿ ಮಹಲ್ ಸರಕಾರಿ ಬಳಕೆಗೆ ಬಂದವು. ಬುಖಾರಾ ಮಸೀದಿ ಅಂಚೆ ಕಚೇರಿಯಾಯಿತು. ಇನ್ನೊಂದು ಮಸೀದಿ ಪ್ರವಾಸಿ ಬಂಗಲೆಯಾಯಿತು. ವೈಸರಾಯ್ ಕರ್ಜನ್‌ನ ಕಾಲದಲ್ಲಿ ಮಸೀದಿಗಳಿಂದ ಇವನ್ನು ತೆರವು ಮಾಡಿಸಿದರು. ಹೀಗಾಗಿ ಒಂದೇ ಕಟ್ಟಡಕ್ಕೆ ಸುಲ್ತಾನನ ಕಾಲದ ಕಮಾನೂ ಕಲೆಕ್ಟರನ ಕಾಲದ ಕಿಟಕಿಯೂ ಇರುವುದನ್ನು ನೋಡುತ್ತೀರಿ. ಕಚೇರಿ, ಅರ್ಜಿ, ವಕೀಲ, ದಫ್ತರ, ಖಜಾನೆ, ದರಬಾರು ಎಂದು ನಾವು ದಿನವೂ ಆಡುವ ಮಾತುಗಳು ಇಂಥ ಆಡಳಿತಗಳ ಕಾಲದಿಂದಲೇ ಕನ್ನಡಕ್ಕೆ ಬಂದು ಬೇರು ಬಿಟ್ಟವು. ಮಾತು ಉಳಿದಷ್ಟೇ ಗಟ್ಟಿಯಾಗಿ ಗೋಡೆಗಳೂ ಉಳಿದಿವೆ.

ದಕ್ಷಿಣದ ಬಾಗಿಲಿನ ಹತ್ತಿರ ಮೊದಲು ಕರೀಮುದ್ದೀನನ ಮಸೀದಿ ನೋಡಿ. ಆದಿಲಶಾಹಿಗಳಿಗಿಂತ ಬಹಳ ಹಳೆಯದು, 1320ರ ಕಾಲದ್ದು. ಗುಮ್ಮಟವಿಲ್ಲ, ಮಿನಾರಿಲ್ಲ. ಹಳೆಯ ದೇವಾಲಯಗಳ ಕಂಬಗಳನ್ನು ತಂದು ನಿಲ್ಲಿಸಿದ್ದಾರೆ. ಸಾಲೋಟಗಿಯ ರೇವಯ್ಯ ಎಂಬ ಶಿಲ್ಪಿ ಇದನ್ನು ಕಟ್ಟಿದನೆಂದು ಇಲ್ಲಿಯ ನಾಗರಿ ಶಾಸನ ಹೇಳುತ್ತದೆ. ಸಾಲೋಟಗಿ ನಮ್ಮ ಇಂಡಿ ತಾಲ್ಲೂಕಿನ ಊರು. ಕಂಬಗಳ ಮೇಲೆ ಹಳಗನ್ನಡದ ಶಾಸನಗಳೂ ಇವೆ. ಮೊಬೈಲಿನ ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಸವೆದ ಅಕ್ಷರಗಳು ನೆರಳಿನಿಂದ ಎದ್ದು ಕಾಣುತ್ತವೆ. ಒಂದು "ನ", ಒಂದು "ಯ" ಗುರುತು ಸಿಕ್ಕರೂ ಸಾಕು, ಆ ಕಂಬ ಅಪರಿಚಿತವೆನಿಸುವುದಿಲ್ಲ.

ಮುಂದೆ ಹೋದರೆ ಎತ್ತರದ ಗೋಡೆಗಳ ನಡುವೆ ಮಕ್ಕಾ ಮಸೀದಿ ಇದೆ, ಪುಟ್ಟದು, ಶಾಂತವಾದದ್ದು. ಹೆಂಗಸರಿಗೆಂದೇ ಕಟ್ಟಿಸಿದ್ದೆಂದು ಪ್ರತೀತಿ.

ಅಲ್ಲಿಂದ ಸಾತ್ ಮಂಜಿಲ್. ಎರಡನೆಯ ಇಬ್ರಾಹಿಂ ಆದಿಲಶಾಹ 1583ರಲ್ಲಿ ಕಟ್ಟಿಸಿದ ಏಳಂತಸ್ತಿನ ಅರಮನೆ, ಈಗ ಐದಂತಸ್ತು ಉಳಿದಿದೆ. ಗೋಡೆಯ ದಪ್ಪದೊಳಗೆ ನೀರಿನ ಕೊಳವೆಗಳ ಗುರುತುಗಳನ್ನು ಹುಡುಕಿ. ಅಂತಸ್ತು ಅಂತಸ್ತಿಗೂ ನೀರು ಏರಿಸಿದ್ದರು. ಎದುರಿಗೇ ರಸ್ತೆಯ ನಡುವೆ ಆಟಿಕೆಯಂಥ ಒಂದು ಮಂಟಪ ಇದೆ, ಅದು ಜಲ ಮಂಜಿಲ್. ಒಂದು ಕಾಲಕ್ಕೆ ಅದರ ಸುತ್ತ ನೀರಿತ್ತು, ಈಗ ಸ್ಕೂಟರುಗಳು ಸುತ್ತಿ ಹೋಗುತ್ತವೆ. ರಸ್ತೆ ದಾಟುವಾಗ ಜೋಪಾನ. ಮಂಟಪದ ಸೂರಿನ ಕೆಳಗಿನ ಕೆತ್ತನೆ ನೋಡುತ್ತಾ ರಸ್ತೆಯ ನಡುವೆಯೇ ನಿಂತುಬಿಡುವವರು ಬಹಳ.

ಗಗನ ಮಹಲ್

ಸಾತ್ ಮಂಜಿಲಿನಿಂದ ಉತ್ತರಕ್ಕೆ ಐದು ನಿಮಿಷ. ಒಂದನೆಯ ಅಲಿ ಆದಿಲಶಾಹ 1561ರಲ್ಲಿ ಕಟ್ಟಿಸಿದ ದರಬಾರು ಭವನ. ಕೆಳಗೆ ದರಬಾರು, ಮೇಲೆ ಅರಸನ ವಾಸ. ಮರದ ನೆಲ, ಚಾವಣಿ ಎಲ್ಲ ಹೋಗಿ ಈಗ ಉಳಿದಿರುವುದು ಗೋಡೆಗಳು ಮತ್ತು ಮುಂದಿನ ಮೂರು ಕಮಾನುಗಳು. ನಡುವಿನ ಕಮಾನಿನ ಅಗಲ 18 ಮೀಟರಿಗೂ ಹೆಚ್ಚು.

ಇಲ್ಲಿಯೂ ಹೊರಗೆ, ಉತ್ತರದ ಹುಲ್ಲುಹಾಸಿನ ಮೇಲೆ ನಿಂತು ನೋಡಿ. ಅಸರ್ ಮಹಲಿನಂತೆಯೇ ಇದಕ್ಕೂ ಮುಂಗೋಡೆಯಿಲ್ಲ. ನಡುವಿನ ಕಮಾನನ್ನು ಇಷ್ಟು ಅಗಲ ಮಾಡಿದ್ದೇ ಮೈದಾನದಲ್ಲಿ ಸೇರಿದ ಜನಕ್ಕೆ ಅರಸ ಕಾಣಲೆಂದು, ಅರಸನಿಗೆ ಮೈದಾನ ಕಾಣಲೆಂದು. 85 ವರ್ಷಗಳ ಅಂತರದಲ್ಲಿ ಇಬ್ಬರು ಸುಲ್ತಾನರು ಕಟ್ಟಿಸಿದ ಎರಡು ರಾಜಭವನಗಳು, ಒಂದು ಕಲ್ಲಿನ ಕಮಾನಿನದು, ಇನ್ನೊಂದು ಮರದ ಕಂಬದ್ದು, ಎರಡೂ ಜನರ ಕಡೆಗೆ ತೆರೆದುಕೊಂಡಿವೆ. ಇವೆರಡನ್ನು ಒಂದೇ ದಿನ, ಒಂದರ ಬೆನ್ನಿಗೆ ಒಂದನ್ನು, ಕಾಲ್ನಡಿಗೆಯಲ್ಲಿ ನೋಡಿದರೇ ಈ ಹೋಲಿಕೆ ಹೊಳೆಯುವುದು. ಅದಕ್ಕಾಗಿಯೇ ನಾನು ಆಟೋ ಬೇಡವೆಂದು ಹಟ ಹಿಡಿಯುವುದು.

1686ರಲ್ಲಿ ಔರಂಗಜೇಬ ಊರನ್ನು ಗೆದ್ದಾಗ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿ ತೊಡಿಸಿ ಇಲ್ಲಿಯೇ ಅವನ ಮುಂದೆ ತಂದರೆಂಬ ಕಥೆ ಇದೆ. ಹದಿಹರೆಯ ದಾಟಿರದ ಹುಡುಗ. ಅರ್ಜಿದಾರರು ನಿಲ್ಲುತ್ತಿದ್ದ ಜಾಗದಲ್ಲಿ ಆ ದಿನ ಅರಸನೇ ನಿಂತ.

ಫೋಟೋ ತೆಗೆಯುವವರಿಗೆ ಒಂದು ಮಾತು. ಕಟ್ಟಡದ ಮುಖ ಉತ್ತರಕ್ಕಿದೆ. ಚಳಿಗಾಲದಲ್ಲಿ ಸೂರ್ಯ ಹಿಂದಿನಿಂದ ಬರುವುದರಿಂದ ಕಮಾನು ಕಪ್ಪಾಗಿ, ಆಕಾಶ ಬೆಳ್ಳಗಾಗಿ ಬೀಳುತ್ತದೆ. ಕಮಾನಿನ ರೇಖೆಯಷ್ಟೇ ಬೇಕಿದ್ದರೆ ಅದು ಸೊಗಸು. ಗಚ್ಚಿನ ಕೆಲಸ ಕಾಣಬೇಕಿದ್ದರೆ ಒಳಗೆ ಹೋಗಿ ಗೋಡೆಗಳನ್ನು ತೆಗೆಯಿರಿ. ಕೋಟೆಯೊಳಗೆ ಈಗಲೂ ಬಳಕೆಯಲ್ಲಿರುವ ಸರಕಾರಿ ಕಟ್ಟಡ, ವಸತಿಗಳ ಫೋಟೋವನ್ನು ಕಾವಲುಗಾರರನ್ನು ಕೇಳದೆ ತೆಗೆಯಬೇಡಿ. ಅದಾಲತ್ ಮಹಲಿನ ವಿಷಯದಲ್ಲಿಯೂ ಹೊರಗಿನ ನೋಟಕ್ಕೆ ತೃಪ್ತಿಪಡಬೇಕು.

ಬಾರಾ ಕಮಾನು, ಊಟ

ಗಗನ ಮಹಲಿನಿಂದ ಹೊರಬಿದ್ದು ದೊಡ್ಡ ರಸ್ತೆ ದಾಟಿ ಉತ್ತರಕ್ಕೆ ಹೋದರೆ ಬಾರಾ ಕಮಾನು. ಎರಡನೆಯ ಅಲಿ ಆದಿಲಶಾಹ ತನ್ನ ಗೋರಿಗೆಂದು ಶುರು ಮಾಡಿ ಮುಗಿಸಲಾಗದೆ 1672ರಲ್ಲಿ ತೀರಿಕೊಂಡ. ಕರಿಕಲ್ಲಿನ ಕಮಾನುಗಳು ಆಕಾಶಕ್ಕೆ ತೆರೆದುಕೊಂಡು ನಿಂತಿವೆ. ನೆರಳಿದೆ, ಹುಲ್ಲಿದೆ, ಕಾಲು ಚಾಚಿ ಕೂರಲು ಒಳ್ಳೆಯ ಜಾಗ.

ಹಸಿವಾದರೆ ಗಾಂಧಿ ಚೌಕದ ಕಡೆಗೆ ನಡೆಯಿರಿ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಳಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ರೊಟ್ಟಿ ಬಡಿಯುವ ಸದ್ದು ಕೇಳಿಸುವ ಖಾನಾವಳಿಗೆ ಹೋಗಿ, ಒಣಗಿಸಿದ ಕಟಕ ರೊಟ್ಟಿ ಜೋಡಿಸಿಟ್ಟ ಕಡೆಗೆ ಆಮೇಲೆ ಹೋದರಾಯಿತು. ಬಿಸಿಲಿದ್ದರೆ ಇಂಡಿ ನಿಂಬೆಯ ಶರಬತ್ತು ಕುಡಿಯಿರಿ. ಈ ಜಿಲ್ಲೆಯ ಒಣದ್ರಾಕ್ಷಿಯನ್ನು ಊರಿಗೆ ಒಯ್ಯುವುದಿದ್ದರೆ ಪೇಟೆಯಲ್ಲಿ ಒಂದೆರಡು ಕಾಳು ಬಾಯಿಗೆ ಹಾಕಿಕೊಂಡು ನೋಡಿಯೇ ಕೊಳ್ಳಿ.

ಸಂಜೆಯ ಪಾಲು

ಉಳಿದದ್ದು ಊರಿನ ಪಶ್ಚಿಮ ಭಾಗ. ಕಾಲು ದಣಿದಿದ್ದರೆ ಇಲ್ಲಿಂದ ಟಾಂಗಾ ಅಥವಾ ಆಟೋ ಹಿಡಿಯಲು ನನ್ನ ಒಪ್ಪಿಗೆ ಇದೆ. ಉಪಲಿ ಬುರುಜು ಹತ್ತಿ ಊರನ್ನು ಪಶ್ಚಿಮದಿಂದ ನೋಡಿ, ಬೆಳಗ್ಗೆ ನಿಂತಿದ್ದ ಗೋಳಗುಮ್ಮಟ ಈಗ ದೂರದಲ್ಲಿ ಕಾಣುತ್ತದೆ. ಹತ್ತಿರದಲ್ಲಿಯೇ ಮುಲ್ಕ್ ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್ನು. ಬಾಯಿಯಲ್ಲಿ ಸಿಂಹ ಆನೆಯನ್ನು ನುಂಗುತ್ತಿದೆ. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ 150 ರೂಪಾಯಿಗೆ ಕೂಗು ನಿಂತಿತು, ಆಮೇಲೆ ಹರಾಜು ರದ್ದಾಯಿತು. ಆ ರದ್ದತಿಯ ಆದೇಶ ಬರೆದ ಕೈ ತಣ್ಣಗಿರಲಿ.

ತಾಜ್ ಬಾವಡಿ ಎಂಬ ದೊಡ್ಡ ಬಾವಿಯ ಮೆಟ್ಟಿಲ ಬಳಿ ನಿಂತು, ಕೊನೆಗೆ ಇಬ್ರಾಹಿಂ ರೋಜಾಕ್ಕೆ ಹೋಗಿ. ಇಳಿಬಿಸಿಲಿನಲ್ಲಿ ಅಲ್ಲಿಯ ಕಲ್ಲಿನ ಕಿಟಕಿಗಳನ್ನು ನೋಡಬೇಕು. ಜಾಲರಿಯೇ ಅರಬ್ಬಿ ಅಕ್ಷರಗಳಿಂದ ಆಗಿದೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ.

ಕಚೇರಿ ಕೆಲಸಕ್ಕೆ ಬಂದು ಎರಡೇ ಗಂಟೆ ಸಿಕ್ಕವರಿಗೆ

ಕೇಂದ್ರ ಬಸ್ ನಿಲ್ದಾಣ ಕೋಟೆಗೆ ಹತ್ತಿರದಲ್ಲಿದೆ. ಅಲ್ಲಿಂದ ಗಗನ ಮಹಲ್, ಸಾತ್ ಮಂಜಿಲ್, ಜಲ ಮಂಜಿಲ್, ಕರೀಮುದ್ದೀನನ ಮಸೀದಿ, ಅಸರ್ ಮಹಲ್. ಅಷ್ಟೇ ಸಾಕು, ಅವಸರ ಮಾಡಿ ಗೋಳಗುಮ್ಮಟ ಸೇರಿಸಬೇಡಿ. ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೈಗೆ ಒತ್ತಿಕೊಂಡಿರಿ, ಮೂಲ ಪ್ರತಿಗಳನ್ನು ಎಲ್ಲಿಯೂ ಕೆಳಗಿಡಬೇಡಿ. ಹೇಳಿದ ವೇಳೆಗಿಂತ ಅರ್ಧ ಗಂಟೆ ಮೊದಲೇ ಕಚೇರಿಗೆ ಮರಳಿ. ನಾವು ಅಂದು ಎರಡೂವರೆಗೇ ಮರಳಿದೆವು. ಹೆಸರು ತಿದ್ದಲು ಇನ್ನೂ ಎರಡು ಸಲ ಬರಬೇಕಾಯಿತು. ಆ ಎರಡೂ ಸಲ ಅಪ್ಪ, "ಅಸರ್ ಮಹಲಿನ ಕಡೆಗೆ ಹೋಗಿ ಬರೋಣವೇ?" ಎಂದು ತಾವಾಗಿಯೇ ಕೇಳಿದರು.

ಕೊನೆಯಲ್ಲಿ ವಸ್ತುಸಂಗ್ರಹಾಲಯ

ಇದಕ್ಕೆ ಮರುದಿನ ಒಂದು ಗಂಟೆ ಇಟ್ಟುಕೊಳ್ಳಿ, ರೈಲು ಹತ್ತುವ ಮುಂಚೆ ಆದರೆ ಅನುಕೂಲ. ಗೋಳಗುಮ್ಮಟದ ಮುಂದಿನ ನಗಾರಖಾನೆಯ ಕಟ್ಟಡದಲ್ಲಿದೆ. ಮುಂಚೆಯೇ ನೋಡಬೇಡಿ ಎಂದು ಹೇಳಿದ್ದಕ್ಕೆ ಕಾರಣ ಅಲ್ಲಿಯ ಜಮಖಾನೆಗಳು. ಅಸರ್ ಮಹಲಿನಲ್ಲಿದ್ದ ಹಳೆಯ ಜಮಖಾನೆಗಳನ್ನು ತಂದು ಇಲ್ಲಿ ಇರಿಸಿದ್ದಾರೆ. ಅದೇ ಮಹಲಿನಲ್ಲಿದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳನ್ನು 1853ರಲ್ಲಿ ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು, ಅವು ಈಗಲೂ ಅಲ್ಲಿಯೇ ಇವೆ. ಜಮಖಾನೆಗಳು ಮಾತ್ರ ಊರಿನಲ್ಲಿ ಉಳಿದವು. ಮೊದಲ ಸಲ ನೋಡುವವರು ಬಣ್ಣ ಮಾಸಿದ ಹಳೆಯ ಬಟ್ಟೆಯೆಂದು ಗಾಜಿನ ಮುಂದೆ ಹಾದು ಹೋಗುತ್ತಾರೆ. ನಾಲ್ಕು ಸಾಗವಾನಿ ಕಂಬಗಳನ್ನೂ ಆ ತೆರೆದ ಹಜಾರವನ್ನೂ ಹಿಂದಿನ ದಿನವಷ್ಟೇ ನೋಡಿ ಬಂದವರು ನಿಲ್ಲುತ್ತಾರೆ. ಗಾಜಿಗೆ ಸ್ವಲ್ಪ ಬಾಗಿ, ಎಲ್ಲಿ ಸವೆದಿದೆ, ಎಲ್ಲಿ ಸವೆದಿಲ್ಲ ಎಂದು ನೋಡಿ.